ಉಸಿರಿನ ಲೆಕ್ಕ

ಕೂಸಿಗೆ ಕಾಯಿಲೆಯಾದಾಗ ‘ಇದಕ್ಕೆ ಔಷಧಿ ಬೇಡ’ ಎಂದು ಡಾಕ್ಟರು ಹೇಳಿದರೆ ಸಮಾಧಾನಕ್ಕಿಂತ ದಿಗಿಲೇ ಹೆಚ್ಚು. ನನ್ನ ಏಳು ತಿಂಗಳ ಮಗಳಿಗೆ ಬಂದದ್ದು ಬ್ರಾಂಕಿಯೊಲೈಟಿಸ್. ನಮ್ಮಂಥವರಲ್ಲಿ ಬರೀ ನೆಗಡಿಯಾಗಿ ಹೋಗುವ ಆರ್‌ಎಸ್‌ವಿ ಎಂಬ ವೈರಸ್ಸೇ ಇದಕ್ಕೆ ಹೆಚ್ಚಾಗಿ ಕಾರಣ. 1956ರಲ್ಲಿ ಅದು ಮೊದಲು ಪತ್ತೆಯಾದದ್ದು ನೆಗಡಿ ಹಿಡಿದ ಚಿಂಪಾಂಜಿಗಳಲ್ಲಿ. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಒಮ್ಮೆಯಾದರೂ ತಗಲುತ್ತದೆ. ಎಳೆಯ ಕೂಸಿನ ಶ್ವಾಸನಾಳದ ಕವಲುಗಳು ಬಹಳ ಕಿರಿದು. ತುಸು ಬಾವು, ತುಸು ಕಫ ಸೇರಿದರೂ ಗಾಳಿಯ ದಾರಿ ಇಕ್ಕಟ್ಟಾಗುತ್ತದೆ. ಆಂಟಿಬಯಾಟಿಕ್ಕು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಹೊರತು ವೈರಸ್ಸನ್ನಲ್ಲ.

ಹಾಗಾಗಿ ನನಗೆ ಉಳಿದ ಕೆಲಸ ಮೂಗು ಒರೆಸುವುದು, ಸ್ವಲ್ಪ ಸ್ವಲ್ಪವೇ ಹಾಲು ಕುಡಿಸುವುದು, ಎಣಿಸುವುದು. ಮಗು ನಿದ್ದೆಯಲ್ಲಿದ್ದಾಗ ಅಂಗಿ ಸರಿಸಿ, ಪೂರ್ತಿ ಒಂದು ನಿಮಿಷ ಹೊಟ್ಟೆಯ ಏರಿಳಿತ ಎಣಿಸಬೇಕು. ಎರಡು ತಿಂಗಳು ದಾಟಿದ, ವರ್ಷ ತುಂಬದ ಮಗುವಿಗೆ 50 ಮುಟ್ಟಿದರೆ ಅದು ವೇಗದ ಉಸಿರು. ಪಕ್ಕೆ ಒಳಕ್ಕೆ ಸೆಳೆದರೆ, ಹಾಲು ಬಿಟ್ಟರೆ, ತುಟಿ ನೀಲಿಯಾದರೆ ಎಣಿಸುತ್ತ ಕೂರದೆ ಆಸ್ಪತ್ರೆಗೆ ಓಡಬೇಕು.

ಮೊದಲ ರಾತ್ರಿ 42. ಮೂರನೆಯ ರಾತ್ರಿ 48. ಅಮ್ಮ ಬಾಗಿಲಲ್ಲಿ ನಿಂತು ‘ಎಷ್ಟಾಯ್ತೇ?’ ಎನ್ನುತ್ತಿದ್ದಳು. ನಾನು ಬೆರಳೆತ್ತಿ ಸುಮ್ಮನಿರಿಸುತ್ತಿದ್ದೆ, ಲೆಕ್ಕ ತಪ್ಪೀತೆಂದು. ಆಸ್ಪತ್ರೆಗೆ ಒಯ್ಯಲು ಚೀಲ ಕಟ್ಟಿಟ್ಟಾಗಿತ್ತು. ಆರನೆಯ ರಾತ್ರಿ 36ಕ್ಕೆ ಇಳಿಯಿತು. ಚೀಲ ಬಿಚ್ಚುವ ಧೈರ್ಯ ಬಂದದ್ದು ಮಾತ್ರ ಇನ್ನೂ ನಾಲ್ಕು ದಿನ ಕಳೆದ ಮೇಲೆ.

ಔಷಧಿಯ ಬಾಟಲಿ ಕೈಯಲ್ಲಿದ್ದರೆ ಏನೋ ಮಾಡುತ್ತಿದ್ದೇವೆಂಬ ಧೈರ್ಯವಿರುತ್ತದೆ. ಕಣ್ಣು ಕೀಳದೆ ನೋಡುತ್ತ ಕೂರುವುದು ಅದಕ್ಕಿಂತ ಕಷ್ಟದ ಆರೈಕೆ.