ಹೂ ಅಂದ್ರ ಯಾರು?

ಹೋದ ಸಲ ಗಿಲ್ಲೆಸುಗೂರಿಗೆ ಹೋದಾಗ ಹತ್ತನೇ ಕ್ಲಾಸಿನಲ್ಲಿರುವ ಅಕ್ಕನ ಮಗಳು ಇಂಗ್ಲಿಷ್ ಗೈಡು ಹಿಡ್ಕೊಂಡು ಬಂದಳು. "ಮಾಮಾ, ಹೂ ಅಂದ್ರ ಯಾರು ಅಲ್ಲಾ? ಇಲ್ಲಿ ಯಾರೂ ಪ್ರಶ್ನೆ ಕೇಳಿಲ್ಲ, ಮತ್ಯಾಕ ಬಂತು? ಇಂಗ್ಲಿಷ್ ನನ್ನ ತಲಿಗೆ ಹೋಗಂಗಿಲ್ಲ ಬಿಡು."

ವಾಕ್ಯ ಇದು: ‘ದಿ ಬಾಯ್ ಹೂ ಕೇಮ್ ಯೆಸ್ಟರ್ಡೇ ಈಸ್ ಮೈ ಫ್ರೆಂಡ್.’ ಗೈಡಿನಲ್ಲಿ ಕೊಟ್ಟ ಅರ್ಥ: ‘ಯಾವ ಹುಡುಗನು ನಿನ್ನೆ ಬಂದನೋ ಅವನು ನನ್ನ ಗೆಳೆಯನು.’

ನೀವೇ ಹೇಳಿ, ಮನೆಯಲ್ಲಿ ಹೀಗೆ ಯಾರಾದ್ರೂ ಮಾತಾಡ್ತಾರಾ? ‘ನಿನ್ನೆ ಬಂದ ಹುಡುಗ ನನ್ನ ಗೆಳೆಯ’ ಅಂದರೆ ಮುಗೀತು. ಇಂಗ್ಲಿಷಿನ ‘ಹೂ ಕೇಮ್’ ಮಾಡುವ ಕೆಲಸವನ್ನು ನಮ್ಮ ‘ಬಂದ’ ಒಂದೇ ಮಾಡುತ್ತದೆ. ಅದನ್ನು ಬಿಟ್ಟು ‘ಯಾರು’ ಅಂತ ಕಲಿಸಿದರೆ ಮಕ್ಕಳು ಪ್ರಶ್ನೆ ಹುಡುಕದೆ ಇನ್ನೇನು ಮಾಡ್ತಾರೆ?

ತುಂಗಭದ್ರೆಯ ಆಚೆ ಮಂತ್ರಾಲಯದ ತೆಲುಗಿನಲ್ಲೂ ಹೀಗೇ, ‘ವಚ್ಚಿನ ಪಿಲ್ಲವಾಡು’. ಹಿಂದಿ, ಉರ್ದುಗಳಲ್ಲಿ ಇಂಗ್ಲಿಷಿನ ಹಾಗೆ ‘ಜೋ’ ಅನ್ನೋ ಕೊಂಡಿ ಇದೆ. ನಮ್ಮದು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಜಿಲ್ಲೆ, ಉರ್ದು ಹೊಸದೇನಲ್ಲ. ಆದರೆ ದಖನಿ ಮಾತು ಕೇಳಿ: ‘ಕಲ್ ಆಯಾ ಸೋ ಲಡ್ಕಾ’. ನಿನ್ನೆ, ಬಂದ, ಹುಡುಗ.. ನಮ್ಮದೇ ಸಾಲು! ಶತಮಾನಗಳ ನೆರೆಹೊರೆಯಲ್ಲಿ ಅದೂ ನಮ್ಮ ದಾರಿಗೇ ಬಂದಿದೆ :)

ಹುಡುಗಿಗೆ ನಾನು ಹೇಳಿದ್ದು ಇಷ್ಟು. ನಾವು ವಿವರ ಮೊದಲು ಹೇಳಿ ಹೆಸರು ಆಮೇಲೆ ಹೇಳ್ತೀವಿ. ಇಂಗ್ಲಿಷಿನವರು ಹೆಸರು ಮೊದಲು ಹೇಳಿ ವಿವರವನ್ನು ಹಿಂದೆ ಕಟ್ತಾರೆ. ಕಟ್ಟೋಕೆ ಒಂದು ಹಗ್ಗ ಬೇಕು. ಮನುಷ್ಯರಿಗೆ ‘ಹೂ’, ವಸ್ತುಗಳಿಗೆ ‘ವಿಚ್’, ಎರಡಕ್ಕೂ ನಡೆಯೋದು ‘ದಟ್’.

ಇನ್ನೊಂದು ತೊಡಕಿದೆ. ‘ನಾನು ಬರೆದ ಪತ್ರ’, ‘ನಾನು ಬರೆದ ಪೆನ್ನು’. ಕನ್ನಡದಲ್ಲಿ ಎರಡಕ್ಕೂ ‘ಬರೆದ’ ಸಾಕು, ಉಳಿದದ್ದು ಕೇಳುವವರಿಗೆ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಪತ್ರಕ್ಕೆ ‘ದಟ್ ಐ ರೋಟ್’ ಸಾಕು, ಪೆನ್ನಿಗೆ ಮಾತ್ರ ‘ದಟ್ ಐ ರೋಟ್ ವಿತ್’ ಬೇಕು. ಆ ‘ವಿತ್’ ಬಿಟ್ಟರೆ ಪೆನ್ನನ್ನೇ ಬರೆದ ಹಾಗಾಗುತ್ತದೆ. ಹಾಗೆಯೇ ‘2009ರ ಪ್ರವಾಹದಲ್ಲಿ ಮನೆ ಬಿದ್ದ ರೈತ’. ಬಿದ್ದದ್ದು ಮನೆ, ರೈತನಲ್ಲ ಅಂತ ನಮಗೆ ಗೊತ್ತು. ಇಂಗ್ಲಿಷಿನಲ್ಲಿ ‘ಹೂ ಫೆಲ್’ ಅಂದರೆ ರೈತನೇ ಬಿದ್ದ. ‘ಹೂಸ್ ಹೌಸ್ ಫೆಲ್’ ಅಂತ ಮನೆ ಯಾರದು ಅನ್ನೋದನ್ನೂ ಹೇಳಬೇಕು.

ಆಮೇಲೆ ಅವಳೇ ‘ಹಾಲು ಮಾರೋ ಅಜ್ಜಿ’, ‘ನಾವು ಕುಂತ ಕಟ್ಟಿ’, ‘ಕಾಲು ಮುರಿದ ಕುರ್ಚಿ’ ಅಂತ ಹತ್ತು ಹೇಳಿ ತಿರುಗಿಸಿದಳು. ‘ಕಟ್ಟಿ’ಗೆ ‘ದಟ್ ವಿ ಸ್ಯಾಟ್ ಆನ್’ ಅಂತ ‘ಆನ್’ ತಾನೇ ಸೇರಿಸಿದಳು. ತಲೆಗೆ ಹೋಗದಿರೋ ಹುಡುಗಿಯ ಕೆಲಸವಾ ಇದು? ಕಷ್ಟವಾಗಿದ್ದು ಇಂಗ್ಲಿಷಲ್ಲ, ಗೈಡಿನ ಕನ್ನಡ. ಕನ್ನಡ ಮೀಡಿಯಂ ಮಕ್ಕಳು ಎಷ್ಟು ಜನ ಹೀಗೇ ತಮ್ಮನ್ನು ದಡ್ಡರು ಅಂದುಕೊಂಡಿದ್ದಾರೋ!

ನಿಮ್ಮಲ್ಲಿ ಮೇಷ್ಟ್ರುಗಳಿದ್ದರೆ ಹೇಳಿ, ನೀವು ಇದನ್ನು ಹೇಗೆ ಕಲಿಸ್ತೀರಿ?