ಗೋಪುರದ ಮೇಲೆ ಯಾರ ಮುಖ?

2011ರ ಬೇಸಿಗೆಯಲ್ಲಿ ನಾವು ಅಮ್ಮನನ್ನು ಕರೆದುಕೊಂಡು ಅಮೆರಿಕದ ಶಿಕಾಗೋ ನಗರಕ್ಕೆ ಹೋಗಿದ್ದೆವು. ಮಗ ಅಲ್ಲಿ ಕೆಲಸದಲ್ಲಿದ್ದ. ಅಜ್ಜಿಗೆ ಒಮ್ಮೆ ತನ್ನ ಮನೆ ತೋರಿಸಬೇಕೆಂಬುದು ಅವನ ಬಹುದಿನದ ಆಸೆ. ಎಪ್ಪತ್ತು ದಾಟಿದ್ದ ಅಮ್ಮನಿಗೆ ಅದುವರೆಗೆ ಮೈಸೂರಿನಿಂದ ಬೆಂಗಳೂರಿಗೆ ಹೋಗಿದ್ದೇ ದೊಡ್ಡ ಪ್ರಯಾಣ.

ವಿಮಾನದಿಂದ ಇಳಿದ ಕೂಡಲೇ ತಪಾಸಣೆಯ ಸಾಲು. ಬೆರಳಚ್ಚು ಯಂತ್ರದ ಗಾಜಿನ ಮೇಲೆ ಅಮ್ಮ ಕೈ ಇಟ್ಟರು. ಯಂತ್ರ ಒಪ್ಪಲಿಲ್ಲ. ಒರೆಸಿ ಇಟ್ಟರು, ಒತ್ತಿ ಇಟ್ಟರು, ಆಗಲೂ ಒಪ್ಪಲಿಲ್ಲ. ಮೂವತ್ತು ವರ್ಷ ಊದುಬತ್ತಿ ಹೊಸೆದು ಮಕ್ಕಳನ್ನು ಸಾಕಿದ ಕೈ ಅದು. ಬೆರಳಿನ ಗೆರೆಗಳು ಎಂದೋ ಸವೆದುಹೋಗಿದ್ದವು. ನಮ್ಮನ್ನು ಪಕ್ಕದ ಕೋಣೆಯಲ್ಲಿ ಎರಡು ಗಂಟೆ ಕೂರಿಸಿದರು. ಯಾರೂ ಒರಟಾಗಿ ಮಾತನಾಡಲಿಲ್ಲ, ನಿಜ. ಆದರೆ ಏಕೆ ಕೂರಿಸಿದ್ದಾರೆಂದು ಯಾರೂ ಹೇಳಲೂ ಇಲ್ಲ. ಗೋಡೆಯ ಮೂಲೆಯಲ್ಲಿದ್ದ ಕ್ಯಾಮೆರಾ ಮಾತ್ರ ನಮ್ಮನ್ನು ನೋಡುತ್ತಿತ್ತು. "ನಾನೇನು ತಪ್ಪು ಮಾಡಿದೆ?" ಎಂದು ಅಮ್ಮ ಮೂರು ಬಾರಿ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆಮೇಲೆ ಒಂದು ವಾರ ಅವರು ಮಗನ ಮನೆಯಿಂದ ಹೊರಗೆ ಕಾಲಿಡಲಿಲ್ಲ. "ಎಲ್ಲಿ ಹೋದರೂ ಮತ್ತೆ ಕೈ ಇಡಿ ಅಂತಾರೆ" ಎಂಬ ಹೆದರಿಕೆ. ಕೊನೆಗೆ ಮೊಮ್ಮಗನೇ ಬಲವಂತ ಮಾಡಿ ಕರೆದೊಯ್ದದ್ದು ನಗರದ ನಡುವಿನ ಮಿಲೇನಿಯಂ ಪಾರ್ಕಿಗೆ. ಅಲ್ಲಿ ನಾವು ಕ್ರೌನ್ ಫೌಂಟನ್ ನೋಡಿದೆವು.

ಹೆಸರಿಗೆ ಅದು ಕಾರಂಜಿ, ನೋಟಕ್ಕೆ ಜೋಡಿ ಗೋಪುರ. ಕಪ್ಪು ಗ್ರಾನೈಟ್ ಹಾಸಿನ ಎರಡು ತುದಿಗಳಲ್ಲಿ ತಲಾ 50 ಅಡಿ ಎತ್ತರದ ಎರಡು ಗಾಜಿನಿಟ್ಟಿಗೆಯ ಗೋಪುರಗಳು ಎದುರುಬದುರು ನಿಂತಿವೆ. ನಡುವೆ ಅಂಗಾಲು ನೆನೆಯುವಷ್ಟೇ ನೀರು. ಒಂದಕ್ಕೊಂದು ಮುಖ ಮಾಡಿದ ಬದಿಗಳಲ್ಲಿ ಗಾಜಿನ ಹಿಂದೆ ಲಕ್ಷಾಂತರ ಪುಟ್ಟ ಎಲ್‌ಇಡಿ ದೀಪಗಳಿವೆ. ಅವೆಲ್ಲ ಸೇರಿ ಪ್ರತಿ ಗೋಪುರದ ಮೇಲೂ ಒಂದು ಮನುಷ್ಯ ಮುಖವನ್ನು ಮೂಡಿಸುತ್ತವೆ. ಅದು ಚಿತ್ರವಲ್ಲ, ಜೀವಂತ ಮುಖ. ನಿಧಾನವಾಗಿ ಕಣ್ಣು ಮಿಟುಕಿಸುತ್ತದೆ, ನಗುತ್ತದೆ, ಕೊನೆಗೆ ತುಟಿಗಳನ್ನು ಮುಂದೆ ಮಾಡುತ್ತದೆ. ಆಗ ಆ ಬಾಯಿಂದ ನಿಜವಾದ ನೀರು ಚಿಮ್ಮುತ್ತದೆ. ಕೆಳಗೆ ಕಾದು ನಿಂತ ಮಕ್ಕಳು ಕಿರುಚಿಕೊಂಡು ಅದರಡಿಗೆ ನುಗ್ಗುತ್ತಾರೆ.

ನಾವು ಹೋದಾಗ ಒಂದು ಗೋಪುರದ ಮೇಲೆ ಅಮ್ಮನ ವಯಸ್ಸಿನ ಒಬ್ಬ ಮುದುಕಿಯ ಮುಖವಿತ್ತು. ಸುಕ್ಕುಗಳೂ ಸ್ಪಷ್ಟವಾಗಿ ಕಾಣುತ್ತಿದ್ದವು.

"ಇವಳು ಯಾರು? ಇಲ್ಲಿನ ರಾಣಿಯಾ?" ಅಮ್ಮ ಕೇಳಿದರು.

"ರಾಣಿಯಲ್ಲ ಅಜ್ಜಿ, ಈ ಊರಿನವಳು ಅಷ್ಟೇ."

"ಏನು ದೊಡ್ಡ ಕೆಲಸ ಮಾಡಿದ್ದಾಳೆ?"

"ಏನೂ ಇಲ್ಲ. ಇಲ್ಲಿ ಬದುಕಿದ್ದಾಳೆ."

ಅಮ್ಮ ಬಹಳ ಹೊತ್ತು ಆ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಅವಳ ಕೈ ಗುರುತು ತಗೊಂಡಿದ್ದರಾ?" ಎಂದರು. ನಮ್ಮ ಗಂಟಲು ಕಟ್ಟಿತು.

ಗೋಪುರವೆಂದರೆ ಮೈಸೂರಿನವರಾದ ನಮಗೆ ಮೊದಲು ನೆನಪಾಗುವುದು ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ್ದು. ಅದರ ಮುಖದ ಮೇಲೆ ಕನ್ನಡ ಅಂಕಿಗಳಿವೆ. ಕೈಗಡಿಯಾರ ಕೊಳ್ಳಲಾಗದವನಿಗೂ ಅದು ಸಮಯ ಹೇಳಿತು. ಅರಬಿ ಮೂಲದ 'ಮಿನಾರು' ಎಂಬ ಮಾತಿನ ಬೇರು ಕೂಡ ಬೆಳಕು ಎಂಬ ಅರ್ಥದ್ದೇ. ಗೋಪುರ ಎತ್ತರವಾಗಿರುವುದು ತಾನು ಮೆರೆಯಲಿಕ್ಕಲ್ಲ, ದೂರದವನಿಗೂ ಕಾಣಲಿಕ್ಕೆ ಎಂದು ನಾವು ತಿಳಿದಿದ್ದೆವು. ಆದರೆ ಗೋಪುರವೊಂದು ಸಾಮಾನ್ಯ ಮನುಷ್ಯನನ್ನೇ ಎತ್ತಿ ಹಿಡಿಯಬಹುದೆಂದು ಊಹಿಸಿರಲಿಲ್ಲ.

ಅದನ್ನು ಹೇಗೆ ರೂಪಿಸಿದರೆಂದು ಮಗ ವಿವರಿಸಿದ. ನಂತರ ನಾವೂ ಓದಿ ತಿಳಿದುಕೊಂಡೆವು. ಇದರ ಕಲಾವಿದ ಸ್ಪೇನಿನ ಬಾರ್ಸಿಲೋನಾದ ಜೌಮೆ ಪ್ಲೆನ್ಸಾ. 2004ರ ಜುಲೈಯಲ್ಲಿ ಇದು ಸಾರ್ವಜನಿಕರಿಗೆ ತೆರೆದುಕೊಂಡಿತು. ವೆಚ್ಚ 1.7 ಕೋಟಿ ಡಾಲರ್; ಅದರಲ್ಲಿ 1 ಕೋಟಿ ಡಾಲರ್ ಕೊಟ್ಟ ಕ್ರೌನ್ ಕುಟುಂಬದ ಹೆಸರು ಕಾರಂಜಿಗಿದೆ. ಆದರೆ ಗೋಪುರದ ಮೇಲೆ ಆ ಶ್ರೀಮಂತರ ಗುಣಗಾನವಿಲ್ಲ. ಹಳೆಯ ಯೂರೋಪಿನ ಕಟ್ಟಡಗಳಲ್ಲಿ ಕಲ್ಲಿನ ವಿಕಾರ ಮುಖಗಳ ಬಾಯಿಂದ ನೀರು ಸುರಿಯುತ್ತಿತ್ತು. ಪ್ಲೆನ್ಸಾ ಆ ಜಾಗದಲ್ಲಿ ನಗರವಾಸಿಗಳ ಮುಖಗಳನ್ನು ತಂದರು. ಬೇರೆ ಬೇರೆ ಜನಾಂಗ, ಧರ್ಮ, ವೃತ್ತಿಗಳ ಸುಮಾರು 75 ಸಂಘಸಂಸ್ಥೆಗಳನ್ನು ಕೇಳಿ ಜನರನ್ನು ಕರೆಸಲಾಯಿತು. ಅಲ್ಲಿನ ಕಲಾ ಶಾಲೆಯ ವಿದ್ಯಾರ್ಥಿಗಳು ಸುಮಾರು ಸಾವಿರ ಮುಖಗಳನ್ನು ಚಿತ್ರೀಕರಿಸಿದರು.

ನೀರಿನ ಕೊಳವೆ ಇರುವುದು ಒಂದೇ ಜಾಗದಲ್ಲಿ; ಹಾಗಾಗಿ ಎಲ್ಲರ ಬಾಯಿಯೂ ಸರಿಯಾಗಿ ಅಲ್ಲಿಗೇ ಬರಬೇಕು. ಅದಕ್ಕೆಂದು ಅವರನ್ನು ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಕೂರಿಸಿ, ಎತ್ತರ ಸರಿಪಡಿಸಿ, ತಲೆ ಅಲುಗಾಡದಂತೆ ಮಾಡಿದರು. ಒಂದು ನಿಮಿಷಕ್ಕಿಂತ ತುಸು ಹೆಚ್ಚಿನ ಚಿತ್ರವನ್ನು ನಿಧಾನಗೊಳಿಸಿ ಸುಮಾರು ಐದು ನಿಮಿಷ ತೋರಿಸುತ್ತಾರೆ. ಅಧಿಕಾರಿ, ಗುಮಾಸ್ತ, ಬಿಳಿಯ, ಕರಿಯ ಎಂಬ ಭೇದವಿಲ್ಲದೆ ಎಲ್ಲರಿಗೂ ಅಷ್ಟೇ ಸಮಯ. ಹೆಸರು ಬರೆಯುವುದಿಲ್ಲ. ಯಾವ ಮುಖ ಯಾವ ಜಾತಿಯದೆಂದು ಹೇಳುವುದಿಲ್ಲ. ಅದಾದ ಮೇಲೆ ಇನ್ನೊಬ್ಬರ ಸರದಿ.

ತಂತ್ರಜ್ಞಾನಕ್ಕೂ ಮೊದಲು ಇಲ್ಲಿ ತೀರ್ಮಾನವಾದದ್ದು ಎತ್ತರದ ಜಾಗ ಯಾರಿಗೆ ಎಂಬ ಪ್ರಶ್ನೆ. ಬೆಳಕಿನ ಗೋಪುರ ಕಟ್ಟಿದ ಇತರರೂ ಅದಕ್ಕೆ ತಮ್ಮದೇ ಉತ್ತರ ಕೊಟ್ಟಿದ್ದಾರೆ. ಜಪಾನಿನ ಯೊಕೊಹಾಮಾ ನಿಲ್ದಾಣದ ಬಳಿ 1986ರಲ್ಲಿ ವಾಸ್ತುಶಿಲ್ಪಿ ಟೊಯೊ ಇಟೊ ಒಂದು ಹಳೆಯ ಗಾಳಿಗೂಡಿಗೆ ಅಲ್ಯುಮಿನಿಯಂ ಹೊದಿಕೆ ಹಾಕಿ, ಗಾಳಿ ಮತ್ತು ಬೀದಿಯ ಸದ್ದಿಗೆ ತಕ್ಕಂತೆ ದೀಪಗಳು ಬದಲಾಗುವಂತೆ ಮಾಡಿದರು. ಅಲ್ಲಿ ಮಾತು ಪ್ರಕೃತಿಯದು. ನೆದರ್ಲೆಂಡ್ಸಿನ ದೂಟಿಂಕೆಮ್ ಎಂಬ ಸಣ್ಣ ಊರಿನಲ್ಲಿ 2004ರಲ್ಲಿ ನಿಂತ 12 ಮೀಟರಿನ ಡಿ-ಟವರ್ ಊರಿನವರಿಗೆ ಪ್ರಶ್ನೆ ಕೇಳಿ, ಅವರ ಉತ್ತರಗಳಲ್ಲಿ ಪ್ರೀತಿ, ಸಂತೋಷ, ಭಯ, ದ್ವೇಷಗಳಲ್ಲಿ ಯಾವುದು ಮೇಲುಗೈ ಎಂದು ನೋಡಿ ಬಣ್ಣ ಬದಲಿಸುವಂತೆ ರೂಪಿಸಿದ್ದು. ಅಲ್ಲಿ ಗೋಪುರ ತಿಳಿಸುವ ಮಾಹಿತಿಯೆಂದರೆ ಊರಿನ ಮನಸ್ಸು. 2001ರಲ್ಲಿ ಬರ್ಲಿನ್ನಿನ ಒಂದು ಎತ್ತರದ ಕಟ್ಟಡದ 144 ಕಿಟಕಿಗಳಿಗೆ ದೀಪವಿಟ್ಟು ಅದನ್ನು ದೊಡ್ಡ ಪರದೆಯನ್ನಾಗಿ ಮಾಡಿದಾಗ, ದಾರಿಹೋಕರು ತಮ್ಮ ಮೊಬೈಲಿನಿಂದಲೇ ಅದರ ಮೇಲೆ ಆಟವಾಡಿದರು.

ಇದೆಲ್ಲ ಕೇಳಲು ಚೆನ್ನ. ಆದರೆ ಗೋಪುರಕ್ಕೆ ಇನ್ನೊಂದು ಗುಣವೂ ಇದೆ. ನಾವು ನೋಡುವಷ್ಟೇ ಸುಲಭವಾಗಿ ಅದು ನಮ್ಮನ್ನು ನೋಡಬಲ್ಲದು. ಮಗ ಹೇಳಿದ ಮುಂದಿನ ಕತೆ ಅದೇ. 2006ರ ಕೊನೆಯಲ್ಲಿ ನಗರಾಡಳಿತ ಇದೇ ಎರಡು ಗೋಪುರಗಳ ನೆತ್ತಿಯ ಮೇಲೆ ಕಣ್ಗಾವಲು ಕ್ಯಾಮೆರಾಗಳನ್ನು ಕೂರಿಸಿತು. ಭದ್ರತೆಗೆಂದು ಕೇಂದ್ರ ಸರ್ಕಾರ ಕೊಟ್ಟಿದ್ದ ಅನುದಾನದಿಂದ ಕೊಂಡವು ಅವು. ಕೆಳಗೆ ಸಾವಿರ ನಾಗರಿಕರ ನಗುಮುಖ, ಮೇಲೆ ಅದೇ ನಾಗರಿಕರನ್ನು ಶಂಕಿಸುವ ಕಣ್ಣು! ಕಲಾಭಿಮಾನಿಗಳೂ ಸಾಮಾನ್ಯ ಜನರೂ ವಿರೋಧಿಸಿದರು. ಸ್ವಲ್ಪ ದಿನದಲ್ಲೇ ಕ್ಯಾಮೆರಾಗಳನ್ನು ಅಲ್ಲಿಂದ ಇಳಿಸಲಾಯಿತು.

ಭದ್ರತೆ ಬೇಡವೆಂದು ನಾವು ಹೇಳುವುದಿಲ್ಲ. ನೂರಾರು ಮಕ್ಕಳು ಆಡುವ ಜಾಗದಲ್ಲಿ ಎಚ್ಚರ ಬೇಕೇ ಬೇಕು. ಆದರೆ ಒಂದೇ ಮುಖವನ್ನು ಎರಡು ರೀತಿಯಲ್ಲಿ ನೋಡಬಹುದೆಂದು ನಮಗೆ ಮನವರಿಕೆಯಾದದ್ದು ಆ ಪ್ರಯಾಣದಲ್ಲಿ. ತಪಾಸಣೆಯ ಕೋಣೆಯಲ್ಲಿ ಅಮ್ಮನ ಮುಖವನ್ನೂ ಸೆರೆಹಿಡಿದಿದ್ದರು. ಡಾಕ್ಟರರ ಕುರ್ಚಿಯಲ್ಲಿ ಆ ಮುದುಕಿಯ ಮುಖವನ್ನೂ ಸೆರೆಹಿಡಿದಿದ್ದರು. ಒಂದು ಕಡೆ ಯಂತ್ರ ಕೇಳಿದ್ದು, 'ನೀನು ಅಪಾಯವಲ್ಲವೆಂಬುದಕ್ಕೆ ಸಾಕ್ಷಿ ಎಲ್ಲಿ?' ಎಂದು. ಇನ್ನೊಂದು ಕಡೆ ಕೇಳಿದ್ದು, 'ಒಮ್ಮೆ ನಗುತ್ತೀಯಾ?' ಎಂದು. ಎರಡರಲ್ಲೂ ಇದ್ದದ್ದು ಅದೇ ಕ್ಯಾಮೆರಾ.

ಈಗ ನಮ್ಮ ನಗರಗಳ ವೃತ್ತಗಳಲ್ಲೂ ಎಲ್‌ಇಡಿ ಪರದೆಗಳು ಏಳುತ್ತಿವೆ. ಅವುಗಳ ಮೇಲೆ ಚಿನ್ನದಂಗಡಿಯ ಜಾಹೀರಾತು ಬರುತ್ತದೆ, ನಾಯಕರ ಹುಟ್ಟುಹಬ್ಬದ ಶುಭಾಶಯ ಬರುತ್ತದೆ. ಅದೇ ಕಂಬದಲ್ಲಿ ಕ್ಯಾಮೆರಾವೂ ಇರುತ್ತದೆ. ಬೆಳಗಿನ ಜಾವ ಆ ವೃತ್ತ ಗುಡಿಸುವ ಹೆಂಗಸಿನ ಮುಖ ಆ ಕ್ಯಾಮೆರಾದಲ್ಲಿ ದಿನವೂ ದಾಖಲಾಗುತ್ತದೆ. ಅದೇ ಮುಖ ಐದು ನಿಮಿಷ ಆ ಪರದೆಯ ಮೇಲೆ ಬಂದರೆ ಆಗುವ ನಷ್ಟವೇನು? ಗೋಪುರ ರೂಪಿಸುವವರು ಎತ್ತರ, ಖರ್ಚು, ಬೆಳಕಿನ ಲೆಕ್ಕ ಹಾಕುವ ಮೊದಲು ಈ ಪ್ರಶ್ನೆಗೆ ಉತ್ತರ ಬರೆದುಕೊಳ್ಳಬೇಕು.

ಆ ದಿನ ಮುದುಕಿಯ ತುಟಿಗಳು ಮುಂದೆ ಬಂದವು, ನೀರು ಚಿಮ್ಮಿತು. ಅಮ್ಮ ಚಪ್ಪಲಿ ಬಿಟ್ಟು, ಸೀರೆಯನ್ನು ಒಂದಿಷ್ಟು ಎತ್ತಿ ಹಿಡಿದು, ನಾವು ಬೇಡವೆನ್ನುವಷ್ಟರಲ್ಲಿ ನೀರಿಗಿಳಿದೇಬಿಟ್ಟರು. ಯಂತ್ರ ಗುರುತಿಸದ ಕೈಗಳನ್ನು ಚಾಚಿ ಆ ನೀರನ್ನು ಬೊಗಸೆಯಲ್ಲಿ ಹಿಡಿದರು. ಪಕ್ಕದಲ್ಲಿದ್ದ ಪುಟ್ಟ ಹುಡುಗಿಯೊಬ್ಬಳ ಮೇಲೆ ಎರಚಿದರು. ಅವಳೂ ಎರಚಿದಳು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು.

ಅಮ್ಮ ಈಗ ಇಲ್ಲ. ಅವರಿಗೆ ಫೋಟೋ ತೆಗೆಸಿಕೊಳ್ಳುವುದು ಇಷ್ಟವಿರಲಿಲ್ಲವಾದ್ದರಿಂದ ನಮ್ಮಲ್ಲಿರುವ ಚಿತ್ರಗಳು ಕಡಿಮೆ. ಮಗ ಅಂದು ದೂರದಿಂದ ತೆಗೆದ ಒಂದು ಚಿತ್ರವಿದೆ. ಅದರಲ್ಲಿ ಗೋಪುರದ ಮೇಲಿನ ಅಪರಿಚಿತ ಮುದುಕಿಯ ಮುಖವೇ ದೊಡ್ಡದು. ಕೆಳಗೆ, ನೀರಿನಲ್ಲಿ, ಅಮ್ಮ ಸಣ್ಣಗೆ ಕಾಣುತ್ತಾರೆ. ಆದರೂ ಅವರು ನಗುತ್ತಿರುವುದು ಅಷ್ಟು ದೂರದಿಂದಲೂ ಗೊತ್ತಾಗುತ್ತದೆ.