ಮಾಸ್ಕೋ ಬೀದಿಗಳಲ್ಲಿ ಇಪ್ಪತ್ತರ ಹರೆಯ

ಮಾರ್ಲೆನ್ ಖುತ್ಸಿಯೇವ್ ನಿರ್ದೇಶಿಸಿದ ‘ಜಸ್ತಾವ ಇಲಿಚಾ’ ಮಾಸ್ಕೋದ ಮೂವರು ಗೆಳೆಯರ ಅಲೆದಾಟವನ್ನು ಬೆನ್ನುಹತ್ತುವ ಕಪ್ಪು-ಬಿಳುಪು ಚಿತ್ರ. ಸೈನ್ಯದ ಸೇವೆ ಮುಗಿಸಿ ಮನೆಗೆ ಮರಳಿದ ಸೆರ್ಗೇಯ್, ನಗುಮೊಗದ ನಿಕೊಲಾಯ್, ಚಿಕ್ಕ ವಯಸ್ಸಿಗೇ ಹೆಂಡತಿ, ಮಗು ಎಂದು ಸಂಸಾರ ಹೊತ್ತ ಸ್ಲಾವಾ. ಕಥೆ ಎನ್ನುವಂಥದ್ದು ಇಲ್ಲಿ ಕಡಿಮೆ. ದುಡಿಮೆ ಮುಗಿದ ಮೇಲೆ ಅವರು ಸೇರುತ್ತಾರೆ, ಹರಟುತ್ತಾರೆ, ನಡೆಯುತ್ತಾರೆ. ಮೇ ದಿನದ ಮೆರವಣಿಗೆಯ ಜನಸಾಗರದಲ್ಲಿ ಸೆರ್ಗೇಯ್‌ಗೆ ಆನ್ಯಾ ಸಿಗುತ್ತಾಳೆ. ರಾತ್ರಿಯಿಡೀ ಇಬ್ಬರೂ ಊರು ಸುತ್ತುತ್ತಾರೆ. ಛಾಯಾಗ್ರಾಹಕಿ ಮಾರ್ಗರೀಟಾ ಪಿಲಿಖಿನಾ ಅವರ ಕ್ಯಾಮೆರಾ ಅವಸರವಿಲ್ಲದೆ ಅವರ ಜೊತೆಗೇ ಸಾಗುತ್ತದೆ. ಹಗಲಿನಲ್ಲಿ ಕೇಳಲಾಗದ ಪ್ರಶ್ನೆಗಳು ಈ ನಡಿಗೆಗಳಲ್ಲೇ ಬಾಯಿಗೆ ಬರುತ್ತವೆ. ಚಿತ್ರದ ಜೀವ ಇರುವುದೂ ಅಲ್ಲೇ.

ಚಿತ್ರದಲ್ಲಿ ಬರುವ ಪಾಲಿಟೆಕ್ನಿಕ್ ಮ್ಯೂಸಿಯಂನ ಕವಿಗೋಷ್ಠಿಯಂತೂ ಒಂದು ಕಾಲದ ದಾಖಲೆ. ಯೆವ್ತುಶೆಂಕೊ, ವೊಜ್ನೆಸೆನ್‌ಸ್ಕಿ, ಅಖ್ಮದುಲಿನಾ, ಒಕುದ್‌ಜಾವಾ ತಾವು ತಾವಾಗಿಯೇ ಬಂದು ಓದುತ್ತಾರೆ, ಹಾಡುತ್ತಾರೆ. ಸ್ಟಾಲಿನ್ ನಂತರದ ಸಡಿಲಿಕೆಯ ದಿನಗಳಲ್ಲಿ ಕವಿತೆಗಾಗಿ ಸಭಾಂಗಣ ತುಂಬುತ್ತಿದ್ದುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಆನ್ಯಾಳ ಮನೆಯ ಪಾರ್ಟಿಯ ಅತಿಥಿಗಳಲ್ಲಿ ಚಿತ್ರ ನಿರ್ದೇಶಕ ಆಂದ್ರೇಯ್ ತಾರ್ಕೋವ್‌ಸ್ಕಿಯೂ ಇದ್ದಾರೆ. ತಾನು ಯಾವುದನ್ನು ಗಂಭೀರವಾಗಿ ಕಾಣುತ್ತೇನೆಂದು ಸೆರ್ಗೇಯ್ ಹೇಳುವುದು ಆ ಪಾರ್ಟಿಯಲ್ಲೇ: ಕ್ರಾಂತಿ, ಸ್ಟಾಲಿನ್ ದಮನದ 1937, ಯುದ್ಧ, ತಂದೆಯಿಲ್ಲದೆ ಬೆಳೆದ ತನ್ನ ಓರಗೆಯವರು, ಹಸಿವಿನ ವರ್ಷಗಳಲ್ಲಿ ಜೀವ ಉಳಿಸಿದ ಆಲೂಗಡ್ಡೆ.

ಚಿತ್ರಕ್ಕೆ ಮುಳುವಾದದ್ದು ಇನ್ನೊಂದು ದೃಶ್ಯ. ಯುದ್ಧದಲ್ಲಿ ಮಡಿದ ತಂದೆ ಸೆರ್ಗೇಯ್‌ಗೆ ಕಾಣಿಸಿಕೊಳ್ಳುತ್ತಾನೆ. ಹೇಗೆ ಬದುಕಲಿ ಎಂದು ಮಗ ಕೇಳುತ್ತಾನೆ. ನಿನಗೆಷ್ಟು ವಯಸ್ಸು ಎಂದು ತಂದೆ ಮರುಪ್ರಶ್ನೆ ಹಾಕುತ್ತಾನೆ. ಮಗನಿಗೆ 23, ತಂದೆ ಸತ್ತಾಗ 21. ಕಿರಿಯನಾದ ತಂದೆ ಹಿರಿಯನಾದ ಮಗನಿಗೆ ಏನು ದಾರಿ ತೋರಿಸಿಯಾನು? 1963ರ ಮಾರ್ಚ್‌ನಲ್ಲಿ ಸೋವಿಯತ್ ನಾಯಕ ಖ್ರುಶ್ಚೇವ್ ಬಹಿರಂಗ ಭಾಷಣದಲ್ಲೇ ಇದನ್ನು ಖಂಡಿಸಿದರು. ಪ್ರಾಣಿಗಳೂ ಮರಿಗಳ ಕೈಬಿಡುವುದಿಲ್ಲ, ಸೋವಿಯತ್ ತಂದೆ ಮಗನಿಗೆ ಉತ್ತರ ಕೊಡದಿರುವುದುಂಟೇ ಎಂಬುದು ಅವರ ಆಕ್ಷೇಪ. ಆದರೆ ಅಲ್ಲಿರುವುದು ತಿರಸ್ಕಾರವಲ್ಲ, ಮಗನ ಮೇಲಿಟ್ಟ ನಂಬಿಕೆ. ನಿನ್ನ ಬದುಕನ್ನು ನೀನೇ ಹುಡುಕಿಕೊಳ್ಳಬೇಕೆಂದು ಪ್ರೀತಿಯಿಂದಲೂ ಹೇಳಬಹುದು.

ಆ ಖಂಡನೆಯ ನಂತರ ಚಿತ್ರದ ಮೇಲೆ ಕತ್ತರಿ ಪ್ರಯೋಗವಾಯಿತು. ದೃಶ್ಯಗಳು ಬದಲಾದವು, ಕವಿಗೋಷ್ಠಿ ಮೊಟಕಾಯಿತು. 1965ರಲ್ಲಿ ‘ನನಗೆ ಇಪ್ಪತ್ತು ವರ್ಷ’ ಎಂಬ ಹೆಸರಿನಲ್ಲಿ ಚಿತ್ರ ತೆರೆಕಂಡಿತು. ಹಾಗಿದ್ದೂ ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ವಿಶೇಷ ಜ್ಯೂರಿ ಪ್ರಶಸ್ತಿ ಪಡೆಯಿತು. ಮೂರು ಗಂಟೆಗೂ ಮೀರಿದ ಮೂಲರೂಪ ಜನರೆದುರು ಬಂದದ್ದು ಗೊರ್ಬಚೇವ್ ಕಾಲದಲ್ಲಿ, 1988ರಲ್ಲಿ. ಖುತ್ಸಿಯೇವ್ ಜೊತೆ ಚಿತ್ರಕಥೆ ಬರೆದ ಕವಿ ಗೆನ್ನಾದಿ ಶ್ಪಾಲಿಕೊವ್ 1974ರಲ್ಲೇ ತೀರಿಕೊಂಡಿದ್ದರು.